ಕುದಿಯುವ ನೀರಿನ ಗುಳ್ಳೆಯಲ್ಲಿ ಏನಿದೆ?

ಸಂಪಾದಕರಿಗೆ,

ಮಾನ್ಯರೇ,

ಉಡುಪಿಯ ಒಂದು ಕಾಲೇಜಿನಲ್ಲಿ ಪ್ರಥಮ ವರ್ಷದ ಮಕ್ಕಳಿಗೆ ಜೀವರಸಾಯನಶಾಸ್ತ್ರ ಪಾಠ ಮಾಡುತ್ತೇನೆ. ಪ್ರತಿ ವರ್ಷ ಮೊದಲ ದಿನ ಒಂದೇ ಪ್ರಶ್ನೆ ಕೇಳುತ್ತೇನೆ. ನೀರು ಕುದಿಯುವಾಗ ಮೇಲೆ ಬರುವ ಗುಳ್ಳೆಯ ಒಳಗೆ ಏನಿದೆ? ಈ ಸಲವೂ ಅರ್ಧಕ್ಕಿಂತ ಜಾಸ್ತಿ ಮಕ್ಕಳು ‘ಹೈಡ್ರೋಜನ್ ಮತ್ತು ಆಕ್ಸಿಜನ್’ ಎಂದೇ ಬರೆದರು. ಇವರೆಲ್ಲ ಪಿಯುಸಿಯಲ್ಲಿ ಒಳ್ಳೆಯ ಅಂಕ ತೆಗೆದವರು. ಹೈಡ್ರೋಜನ್ ಬಂಧ ಎಂದರೇನು ಎಂದು ಕೇಳಿದರೆ ಇಂಗ್ಲಿಷಿನ ವ್ಯಾಖ್ಯೆಯನ್ನು ಒಂದಕ್ಷರ ತಪ್ಪದೆ ಒಪ್ಪಿಸುತ್ತಾರೆ.

ಹೆಬ್ರಿ ಕಡೆಯ ಹುಡುಗಿಯೊಬ್ಬಳನ್ನು ಕೇಳಿದೆ, "ಮನೆಯಲ್ಲಿ ಕೊಟ್ಟೆ ಕಡುಬು ಬೇಯಿಸುವಾಗ ಪಾತ್ರೆಯ ಮುಚ್ಚಳ ತೆಗೆದು ನೋಡಿದ್ದೀಯಾ?"

"ಹೌದು ಮೇಡಂ, ಮುಚ್ಚಳದ ಒಳಬದಿಯಲ್ಲಿ ಪೂರ್ತಿ ನೀರು ಇರ್ತದೆ."

"ಹೈಡ್ರೋಜನ್ ಬೇರೆ, ಆಕ್ಸಿಜನ್ ಬೇರೆ ಆಗಿ ಹೋಗಿದ್ದರೆ ಆ ನೀರು ಎಲ್ಲಿಂದ ಬಂತು?"

ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದಳು. ಆಮೇಲೆ, "ಹಾಗಾದ್ರೆ ಗುಳ್ಳೆಯಲ್ಲಿರೋದೂ ನೀರೇ ಅಲ್ವಾ ಮೇಡಂ" ಎಂದಳು. ಇಡೀ ತರಗತಿ ಅವಳ ಕಡೆ ತಿರುಗಿತು. ಆ ಹೊತ್ತಿನ ಮಕ್ಕಳ ಮುಖ ನೋಡಿಯೇ ಈ ಪತ್ರ ಬರೆಯಬೇಕು ಅನಿಸಿತು.

ತಪ್ಪು ಮಕ್ಕಳದ್ದಲ್ಲ. ನೀರಿನಲ್ಲಿ ಎರಡು ಬಗೆಯ ಹಿಡಿತ ಇದೆ. ಅಣುವಿನ ಒಳಗೆ ಆಕ್ಸಿಜನ್ ಮತ್ತು ಎರಡು ಹೈಡ್ರೋಜನ್‌ಗಳನ್ನು ಕಟ್ಟಿಹಾಕಿರುವುದು ಸಹವೇಲೆನ್ಸಿಯ ಬಂಧ. ಅವು ಎಲೆಕ್ಟ್ರಾನುಗಳನ್ನು ಹಂಚಿಕೊಂಡಿವೆ, ಆದರೆ ಸಮಪಾಲಲ್ಲ. ಆಕ್ಸಿಜನ್ ತನ್ನ ಕಡೆಗೆ ಜಾಸ್ತಿ ಎಳೆದುಕೊಳ್ಳುತ್ತದೆ. ಅದರಿಂದ ಆಕ್ಸಿಜನ್ ಬದಿಗೆ ತುಸು ಋಣ ವಿದ್ಯುತ್, ಹೈಡ್ರೋಜನ್ ಬದಿಗೆ ತುಸು ಧನ. ಒಂದು ಅಣುವಿನ ಹೈಡ್ರೋಜನ್ನಿಗೆ ಪಕ್ಕದ ಅಣುವಿನ ಆಕ್ಸಿಜನ್ ಮೇಲೆ ಸೆಳೆತ ಹುಟ್ಟುತ್ತದೆ. ಅದೇ ಹೈಡ್ರೋಜನ್ ಬಂಧ. ಹೆಸರು ಕೇಳಿದ ಮಕ್ಕಳು, ನೀರಿನ ಅಣುವಿನ ಒಳಗೆ ಹೈಡ್ರೋಜನ್ನನ್ನು ಹಿಡಿದಿಟ್ಟಿರುವ ಬಂಧ ಇದೇ ಅಂದುಕೊಳ್ಳುತ್ತಾರೆ. ಎರಡಕ್ಕೂ ಎಷ್ಟು ಅಂತರ ಎಂದು ಯಾರೂ ಅವರಿಗೆ ಲೆಕ್ಕ ತೋರಿಸಿಲ್ಲ. ಕುದಿಯುವ 18 ಗ್ರಾಂ ನೀರನ್ನು ಆವಿ ಮಾಡಲು ಸುಮಾರು 41 ಕಿಲೋಜೂಲ್ ಸಾಕು. ಅಷ್ಟೇ ನೀರಿನ ಅಣುಗಳನ್ನು ಒಡೆದು ಬಿಡಿ ಬಿಡಿ ಪರಮಾಣು ಮಾಡಲು 900 ಕಿಲೋಜೂಲಿಗೂ ಜಾಸ್ತಿ ಬೇಕು. ನಮ್ಮ ಅಡುಗೆಯ ಒಲೆ ಅಣುವನ್ನು ಅಣುವಿನಿಂದ ಬಿಡಿಸುತ್ತದೆ, ಅಣುವನ್ನು ಒಡೆಯುವುದಿಲ್ಲ. ಗುಳ್ಳೆಯಲ್ಲಿರುವುದು ನೀರಿನ ಆವಿಯೇ.

ಉಪ್ಪಿನ ವಿಷಯದಲ್ಲೂ ಇದೇ ಕಥೆ. ಅಯಾನಿಕ ಬಂಧ, ಅಂದರೆ ಧನ ಮತ್ತು ಋಣ ವಿದ್ಯುತ್ತಿನ ಕಣಗಳ (ಅಯಾನುಗಳ) ನಡುವಿನ ಸೆಳೆತ, ಬಹಳ ಗಟ್ಟಿ ಎಂದು ಮಕ್ಕಳು ಕಲಿತಿರುತ್ತಾರೆ. ಒಣ ಹರಳಿಗೆ ಅದು ನಿಜ. ಉಪ್ಪು ಕರಗಿ ದ್ರವವಾಗಲು 801 ಡಿಗ್ರಿ ಸೆಲ್ಸಿಯಸ್ ಬೇಕು. ಅದೇ ಉಪ್ಪು ತಣ್ಣೀರಿನಲ್ಲಿ ಸುಲಭವಾಗಿ ಕರಗುತ್ತದೆ. ಸೋಡಿಯಂ ಸುತ್ತ ನೀರಿನ ಆಕ್ಸಿಜನ್ ಬದಿ, ಕ್ಲೋರೈಡ್ ಸುತ್ತ ಹೈಡ್ರೋಜನ್ ಬದಿ ಬಂದು ಮುತ್ತಿಕೊಳ್ಳುತ್ತವೆ. ನೀರಿನ ನಡುವೆ ಎರಡು ಅಯಾನುಗಳ ಸೆಳೆತ ಸುಮಾರು 80ರಲ್ಲಿ ಒಂದು ಪಾಲಿಗೆ ಇಳಿಯುತ್ತದೆ. ನಮ್ಮ ಜೀವಕೋಶದ ತುಂಬ ನೀರೇ ಇರುವಾಗ, ಒಣ ಹರಳಿನಲ್ಲಿ ಯಾವ ಬಂಧ ಎಷ್ಟು ಗಟ್ಟಿ ಎಂಬ ಪಟ್ಟಿ ಬಾಯಿಪಾಠ ಮಾಡಿ ಏನು ಪ್ರಯೋಜನ?

ಮುಂದಿನ ಪಾಠಗಳೆಲ್ಲ ಇದರ ಮೇಲೆಯೇ ನಿಂತಿವೆ. ಡಿಎನ್‌ಎಯ ಒಂದೊಂದು ಎಳೆ ಉದ್ದಕ್ಕೂ ಸಹವೇಲೆನ್ಸಿಯ ಬಂಧದಿಂದ ಗಟ್ಟಿಯಾಗಿದೆ. ಎಳೆಗಳ ಮೇಲೆ ಎ, ಟಿ, ಜಿ, ಸಿ ಎಂದು ಕರೆಯುವ ನಾಲ್ಕು ಬಗೆಯ ಘಟಕಗಳಿವೆ. ಎರಡು ಎಳೆಗಳ ನಡುವೆ ಎ-ಟಿ ಜೋಡಿಗೆ ಎರಡು, ಜಿ-ಸಿ ಜೋಡಿಗೆ ಮೂರು ಹೈಡ್ರೋಜನ್ ಬಂಧ. ಹಾಗಾಗಿಯೇ ಎಳೆ ತುಂಡಾಗದೆ ಜೋಡಿ ಬಿಚ್ಚಿಕೊಳ್ಳುತ್ತದೆ. ಮೊಟ್ಟೆ ಬೇಯಿಸಿದಾಗಲೂ ಪ್ರೋಟೀನಿನ ಸರಪಳಿ ಕಡಿಯುವುದಿಲ್ಲ. ಅದನ್ನು ಮಡಚಿಟ್ಟಿದ್ದ ಸಣ್ಣ ಸಣ್ಣ ಹಿಡಿತಗಳು ಬಿಟ್ಟು, ಸರಪಳಿಗಳು ಒಂದಕ್ಕೊಂದು ಸಿಕ್ಕಿಕೊಳ್ಳುತ್ತವೆ.

ಇನ್ನು, ಎಣ್ಣೆ, ಮೇಣದಂಥವು ನೀರಿನೊಡನೆ ಬೆರೆಯದ ಗುಣಕ್ಕೆ ಹೇಳುವ ‘ಜಲಭೀತಿ’ (ಹೈಡ್ರೋಫೋಬಿಕ್) ಎಂಬ ಮಾತು. ಎಣ್ಣೆ ನೀರಿಗೆ ಹೆದರುತ್ತದೆ ಎಂದು ಮಕ್ಕಳು ನಂಬಿದ್ದಾರೆ. ಹೋದ ವಾರ ಹಿತ್ತಿಲಿನಿಂದ ಕೆಸುವಿನ ಎಲೆ ಕೊಯ್ದು ತರಗತಿಗೆ ಒಯ್ದೆ. ಎಲೆಯ ಮೇಲೆ ನಾಲ್ಕು ಹನಿ ನೀರು ಬಿಟ್ಟೆ. ಹನಿಗಳು ಮಣಿಯ ಹಾಗೆ ಗುಂಡಾದವು. ಎಲೆ ತುಸು ಓರೆ ಮಾಡಿದರೆ ಒಂದು ಹನಿ ಓಡಿ ಇನ್ನೊಂದನ್ನು ಸೇರಿತು, ಎಲೆ ಮಾತ್ರ ಒದ್ದೆಯಾಗಲಿಲ್ಲ. ಎಲೆಯ ಮೇಲಿರುವುದು ತೆಳು ಮೇಣ, ಕಣ್ಣಿಗೆ ಕಾಣದಷ್ಟು ಸಣ್ಣ ಉಬ್ಬುಗಳು. ಮೇಣದ ಜೊತೆ ನೀರು ಹೈಡ್ರೋಜನ್ ಬಂಧ ಮಾಡಿಕೊಳ್ಳಲಾರದು, ತನ್ನವರನ್ನೇ ಬಿಗಿಯಾಗಿ ಹಿಡಿದುಕೊಳ್ಳುತ್ತದೆ. ಹೆದರಿಕೆ ಯಾರಿಗೂ ಇಲ್ಲ. ನೀರಿನ ಈ ಸ್ವಭಾವದಿಂದಲೇ ಎಣ್ಣೆಯಂಥ ಭಾಗಗಳು ಒಟ್ಟಾಗುತ್ತವೆ, ಪ್ರೋಟೀನ್ ಮಡಚಿಕೊಳ್ಳುತ್ತದೆ, ಜೀವಕೋಶದ ಪೊರೆ ಕಟ್ಟಿಕೊಳ್ಳುತ್ತದೆ. ಇದೇ ಕೆಸುವಿನ ಎಲೆಯ ಪತ್ರೊಡೆ ತಿಂದು ಬೆಳೆದ ಮಕ್ಕಳಿಗೆ ಇದನ್ನು ಹೇಳಲು ಇದಕ್ಕಿಂತ ಒಳ್ಳೆಯ ಸಾಧನ ಎಲ್ಲಿ ಸಿಗುತ್ತದೆ?

ಹತ್ತನೇ ತರಗತಿವರೆಗೆ ಕನ್ನಡದಲ್ಲಿ ಓದಿದ ಮಕ್ಕಳು ನಮ್ಮಲ್ಲಿ ಎಷ್ಟೋ ಜನ. ಪಿಯುಸಿಗೆ ಬಂದ ಕೂಡಲೇ ಎಲ್ಲ ಇಂಗ್ಲಿಷ್ ಆಗುತ್ತದೆ. ಅರ್ಥವಾಗದಿದ್ದರೂ ಕೇಳಲು ನಾಚಿಕೆ, ಸುಮ್ನೆ ಉರು ಹೊಡೆಯುತ್ತಾರೆ. ಜೊತೆಯ ಉಪನ್ಯಾಸಕರಲ್ಲಿ ನನ್ನ ಕೋರಿಕೆ ಇಷ್ಟೇ. ಬಂಧಗಳ ಪಟ್ಟಿ ಬರೆಸುವ ಮೊದಲು ಎರಡು ಪೀರಿಯಡ್ ನೀರಿಗಾಗಿ ಕೊಡಿ, ಆ ಎರಡು ಪೀರಿಯಡ್ ಕನ್ನಡದಲ್ಲೇ ಮಾತಾಡಿ. ಪರೀಕ್ಷೆಯನ್ನು ಇಂಗ್ಲಿಷಿನಲ್ಲೇ ಬರೆಯಲಿ, ಅಡ್ಡಿಯಿಲ್ಲ.

ತಮ್ಮ ಪತ್ರಿಕೆಯಲ್ಲಿಯೂ ವಿದ್ಯಾರ್ಥಿಗಳಿಗಾಗಿ ವಾರಕ್ಕೊಮ್ಮೆ ಇಂಥ ಒಂದು ಪ್ರಶ್ನೆ, ಅದಕ್ಕೊಂದು ಕನ್ನಡದ ವಿವರಣೆ ಬರಲಿ. ಅರ್ಧ ಕಾಲಂ ಸಾಕು. ಬರೆದು ಕೊಡಲು ನಾನು ತಯಾರಿದ್ದೇನೆ. ಮಳೆ ಮುಗಿಯುವ ಮೊದಲೇ ಶುರುವಾದರೆ ಒಳ್ಳೆಯದು, ಈಗ ಕೆಸುವಿನ ಎಲೆ ಎಲ್ಲ ಮನೆಯ ಹಿತ್ತಿಲಲ್ಲೂ ಇದೆ.

ಇತಿ,
ಓರ್ವ ಉಪನ್ಯಾಸಕಿ, ಉಡುಪಿ