ಸೆಕೆಗಾಲ ದಾಟಿಸಿದವರಿಗೆ

ತಿರುಗಾಟ ಮುಗಿಯುವ ಪತ್ತನಾಜೆ ಕಳೆದು ಯಕ್ಷಗಾನ ಮೇಳಗಳು ಗೆಜ್ಜೆ ಬಿಚ್ಚಿವೆ. ಮಲ್ಪೆ ಕಡೆಯಿಂದ ಸಂಜೆ ಹೊತ್ತು ಮೋಡ ಕಟ್ಟುತ್ತಿದೆ. ಉಡುಪಿ ಸುತ್ತಮುತ್ತಲಿನ ತಾರಸಿ ಮನೆಗಳ ಸೆಕೆ ತಗ್ಗಿಸುವ ಕೆಲಸಕ್ಕೆ ಫೆಬ್ರವರಿಯಿಂದ ಈವರೆಗೆ ನಮ್ಮ ಜೊತೆ ನಿಂತ ಎಲ್ಲರಿಗೂ ಕೈಮುಗಿದು ಹೇಳುತ್ತಿದ್ದೇವೆ: ಈ ಬೇಸಗೆ ದಾಟಿದ್ದು ನಿಮ್ಮಿಂದ. ಹಾಸಿಗೆ ಹಿಡಿದ ಹಿರಿಯರು, ಬಾಣಂತಿಯರು, ಎಳೆಮಕ್ಕಳು ಇದ್ದು ಎಸಿ ಹಾಕಿಸಲು ಕೈಲಾಗದ ಮನೆಗಳನ್ನೇ ಮೊದಲು ಹಿಡಿದುಕೊಂಡೆವು. ಯಾರು ಏನು ಕೊಟ್ಟರು, ಯಾವುದು ಯಾಕೆ ಫಲಿಸಿತು ಎಂದು ಬಿಡಿಸಿ ಬರೆದರೇ ಈ ಕೃತಜ್ಞತೆಗೆ ಅರ್ಥ.

ಬಯಲುಸೀಮೆಯ ಉರಿ ಬೇರೆ, ನಮ್ಮ ಸೆಕೆ ಬೇರೆ. ಬಿಸಿಗಾಳಿ ಎಂದು ಸಾರಲು ಹವಾಮಾನ ಇಲಾಖೆಗೆ ಬಯಲಿನಲ್ಲಿ ಗರಿಷ್ಠ ಉಷ್ಣತೆ 40 ಡಿಗ್ರಿ ಮುಟ್ಟಬೇಕು, ಕರಾವಳಿಯಲ್ಲಿ 37 ಸಾಕು. ಎರಡೂ ಕಡೆ ಅದು ವಾಡಿಕೆಗಿಂತ 4.5 ಡಿಗ್ರಿಯಾದರೂ ಹೆಚ್ಚಿರಬೇಕು. ಇಲ್ಲಿ ಗಾಳಿಯಲ್ಲಿ ಆಗಲೇ ನೀರು ತುಂಬಿರುವುದರಿಂದ ಬೆವರು ಆರುವುದಿಲ್ಲ. 34 ಡಿಗ್ರಿ ಬಿಸಿ, ಶೇಕಡಾ 70 ತೇವ ಇದ್ದ ದಿನ ಒದ್ದೆ ಬಟ್ಟೆ ಕೂಡ ಸುಮಾರು 29 ಡಿಗ್ರಿಗಿಂತ ಕೆಳಗೆ ತಣಿಯದು. ನೀರು ಹಾಕುವ ಕೂಲರ್ ಬಳ್ಳಾರಿಯಲ್ಲಿ ತಂಪು ಕೊಟ್ಟಂತೆ ಬ್ರಹ್ಮಾವರದಲ್ಲಿ ಕೊಡದಿರುವುದು ಇದಕ್ಕೇ. ಕಿಟಕಿ ಮುಚ್ಚಿದ ಕೋಣೆಯಲ್ಲಿ ಅದನ್ನು ಓಡಿಸಿದರೆ ತೇವ ಏರಿ ಸೆಕೆ ಹೆಚ್ಚುತ್ತದೆ. ಬಂದ ಗಿರಾಕಿಗೆ ಇದನ್ನು ನೇರವಾಗಿ ಹೇಳಿ, ಕೂಲರ್ ಬದಲು ಒಳ್ಳೆಯ ಫ್ಯಾನು ತೆಗೆದುಕೊಳ್ಳಿ ಎಂದ ಅಂಗಡಿಯವರಿದ್ದಾರೆ. ವ್ಯಾಪಾರ ಬಿಟ್ಟುಕೊಟ್ಟು ಹೇಳಿದ ಆ ಮಾತಿಗೆ ನಾವು ಋಣಿಗಳು.

ಇನ್ನೊಂದು ನಮಸ್ಕಾರ ದೂರದವರಿಗೆ. ಬಾಲಿಯ ಬಟೂರ್ ಜ್ವಾಲಾಮುಖಿ ನೋಡಲು ಹೋದ ನಮ್ಮವರಿಗೆ ದಾರಿ ತೋರಿಸಿದ ಗೈಡುಗಳು, ತಾವು ಉಡುಪಿಯ ಮನೆಗಳಿಗೂ ಪಾಠ ಹೇಳುತ್ತಿದ್ದೇವೆಂದು ಎಣಿಸಿರಲಿಕ್ಕಿಲ್ಲ. 1,717 ಮೀಟರ್ ಎತ್ತರದ ಆ ಬೆಟ್ಟವನ್ನು ಕತ್ತಲಲ್ಲೇ ಹತ್ತುವುದು ವಾಡಿಕೆ. ಬೆಳಕು ಹರಿಯುವ ಹೊತ್ತಿಗೆ ತುದಿಯಲ್ಲಿರಬೇಕು. ಜ್ವಾಲಾಮುಖಿಯಲ್ಲವೇ ಎಂದು ತೆಳು ಅಂಗಿಯಲ್ಲಿ ಹೋದವರಿಗೆ ಮೇಲೆ ಮೈ ನಡುಗುತ್ತದೆ. ಅದೇ ಚಳಿಯಲ್ಲಿ ಗೈಡು ಹಬೆ ಬರುವ ಬಂಡೆಸಂದಿಗೆ ಕೋಳಿಮೊಟ್ಟೆ, ಬಾಳೆಹಣ್ಣು ಇಳಿಸಿ ಬೇಯಿಸಿ ಕೊಡುತ್ತಾನೆ. ಆ ಎತ್ತರದಲ್ಲಿ ನೀರು ಸುಮಾರು 94 ಡಿಗ್ರಿಗೇ ಕುದಿಯುವುದರಿಂದ ಮೊಟ್ಟೆ ಬೇಯಲು ಊರಿಗಿಂತ ತುಸು ಹೆಚ್ಚು ಹೊತ್ತು ಬೇಕು. ಇಬ್ಬನಿ ಕೂತ ತಣ್ಣನೆಯ ಕಲ್ಲು ಇಲ್ಲಿ, ಮೊಟ್ಟೆ ಬೇಯಿಸುವ ಬಿಸಿ ಗೇಣು ಆಚೆ.

ಕೆಳಗೆ ಕಾಣುವ ಕಪ್ಪು ಲಾವಾ ಬಯಲಿನ ಬಹುಪಾಲು 1963ರದ್ದು. ಅದಕ್ಕೂ ಮೊದಲು, 1926ರ ಲಾವಾ ಬಟೂರ್ ಗ್ರಾಮವನ್ನೂ ದೇಗುಲವನ್ನೂ ನುಂಗಿತ್ತು. ಊರವರು ಉಲುನ್ ದಾನು ಬಟೂರ್ ದೇಗುಲವನ್ನು ಮೇಲಿನ ಅಂಚಿನಲ್ಲಿ ಮತ್ತೆ ಕಟ್ಟಿ ಕೆರೆಯ ದೇವತೆಗೆ ಪೂಜೆ ಮುಂದುವರಿಸಿದರು. ಗದ್ದೆಗೆ ನೀರು ಹಂಚುವ ಸುಬಾಕ್ ಕೂಟಗಳು ಇಂದಿಗೂ ಆ ದೇವಿಗೆ ನಡೆದುಕೊಳ್ಳುತ್ತವೆ. ನಾಗಬನ ಕಾದುಕೊಂಡು ಬಂದ ನಮ್ಮ ಜನರಿಗೆ ಇದು ಅಪರಿಚಿತ ಎನಿಸುವುದಿಲ್ಲ.

ಹೋಗುವವರಿಗಾಗಿ ಆ ಗೈಡುಗಳ ಮಾತನ್ನೇ ಇಲ್ಲಿ ಇಡುತ್ತೇವೆ. ಹತ್ತುವುದಕ್ಕಿಂತ ಇಳಿಯುವುದು ಕಷ್ಟ. ಸಡಿಲ ಜಲ್ಲಿಯ ಮೇಲೆ ಕಾಲು ಜಾರುತ್ತದೆ, ಹಿಡಿತ ಇರುವ ಬೂಟು ಬೇಕು, ಚಪ್ಪಲಿ ಬೇಡ. ಗಂಧಕದ ಹೊಗೆ ಇರುವ ಕಡೆ ಗಾಳಿ ಬೆನ್ನಿಗೆ ಬೀಸುವಂತೆ ನಿಲ್ಲಬೇಕು. ಗಂಧಕದ ಡೈಆಕ್ಸೈಡ್ ಗಾಳಿಯ ಎರಡು ಪಾಲಿಗೂ ಮಿಕ್ಕಿ ತೂಕದ್ದು, ತಗ್ಗಿನಲ್ಲಿ ಮಡುಗಟ್ಟುತ್ತದೆ; ಆದ್ದರಿಂದ ಹಳ್ಳದಲ್ಲಿ ಕೂತು ದಣಿವಾರಿಸಬಾರದು. ಉಬ್ಬಸ ಇರುವವರು ಹೊಗೆ ಹತ್ತಿರ ಹೋಗದಿರುವುದೇ ಒಳ್ಳೆಯದು. ನಮ್ಮ ದೇಶದ ಜೀವಂತ ಜ್ವಾಲಾಮುಖಿ ಅಂಡಮಾನಿನ ಬ್ಯಾರನ್ ದ್ವೀಪ; ಅದನ್ನು ದೋಣಿಯಿಂದಲೇ ನೋಡಬೇಕು.

ಮೇಲೆ ತಣ್ಣಗೆ, ಒಳಗೆ ಬಿಸಿ. ಕಲ್ಲಿನ ಈ ಗುಣವೇ ನಮ್ಮ ಇಡೀ ಕೆಲಸಕ್ಕೆ ಬುನಾದಿಯಾಯಿತು. ಹವಾಯಿಯ ಕಿಲಾವೆಯಾ ಈಕಿ ಕುಳಿಯಲ್ಲಿ 1959ರಲ್ಲಿ ನಿಂತ ಲಾವಾ ಕೆರೆ ನೂರು ಮೀಟರಿಗೂ ಹೆಚ್ಚು ಆಳವಿತ್ತು. ಮೇಲಿನ ಪದರ ಬೇಗ ಗಟ್ಟಿಯಾಯಿತು, ಪೂರ್ತಿ ಗಟ್ಟಿಯಾಗಲು ಸುಮಾರು 35 ವರ್ಷ ಹಿಡಿಯಿತು. ಕಲ್ಲಿನಲ್ಲಿ ಬಿಸಿ ನಿಧಾನಕ್ಕೆ ನಡೆಯುತ್ತದೆ. ದಪ್ಪ ಇಮ್ಮಡಿಯಾದರೆ ದಾಟುವ ಹೊತ್ತು ನಾಲ್ಮಡಿ. ಕಾಂಕ್ರೀಟ್ ಸ್ಲ್ಯಾಬ್ ಕೂಡ ಕಲ್ಲೇ. ನಾಲ್ಕೈದು ಇಂಚಿನ ಸ್ಲ್ಯಾಬಿನ ಮೇಲೆ ಮಧ್ಯಾಹ್ನ ಬಿದ್ದ ಬಿಸಿ ಕೆಳಗಿನ ಕೋಣೆಗೆ ಇಳಿಯಲು ಮೂರು ನಾಲ್ಕು ಗಂಟೆ ಬೇಕು. ಹೊತ್ತು ಮುಳುಗಿ ಹೊರಗೆ ತಂಗಾಳಿ ಬಂದ ಮೇಲೂ ಮಲಗುವ ಕೋಣೆಯ ಮಾಡು ಉರಿ ಸುರಿಯುವುದು ಇದರಿಂದ. ಫ್ಯಾನು ಜೋರು ಮಾಡಿದಷ್ಟೂ ಮಾಡಿನ ಬುಡದ ಬಿಸಿಗಾಳಿಯೇ ಮೈಮೇಲೆ ಬೀಳುತ್ತದೆ. ಸಂಜೆ ಮಾಡುವ ಉಪಾಯಕ್ಕಿಂತ ಬೆಳಿಗ್ಗೆ ಒಂಬತ್ತರೊಳಗೆ ತಾರಸಿಗೆ ಕೊಡುವ ನೆರಳಿಗೆ ಬೆಲೆ ಹೆಚ್ಚು.

ಸೈಂಟ್ ಮೇರೀಸ್ ದ್ವೀಪದ ಕಂಬಗಲ್ಲುಗಳ ಮುಂದೆ ನಿಂತು ನಮ್ಮ ಮೇಸ್ತ್ರಿಗಳಿಗೆ ಬಿರುಕಿನ ಕಥೆ ಬಿಡಿಸಿ ಹೇಳಿದ ಭೂವಿಜ್ಞಾನದ ಮೇಷ್ಟ್ರಿಗೂ, ಮಲ್ಪೆಯಿಂದ ಕರೆದೊಯ್ದ ದೋಣಿಯವರಿಗೂ ವಂದನೆ. ಸುಮಾರು 8.8 ಕೋಟಿ ವರ್ಷಗಳ ಹಿಂದೆ, ಮಡಗಾಸ್ಕರ್ ಭಾರತದಿಂದ ಬೇರ್ಪಡುವ ಕಾಲದಲ್ಲಿ ಉಕ್ಕಿದ ಲಾವಾ ಅದು. ತಣಿಯುತ್ತ ಕುಗ್ಗಿ, ಮೇಲ್ಮೈಯಲ್ಲಿ ಹುಟ್ಟಿದ ಬಿರುಕುಗಳು ಒಳಕ್ಕೆ ಇಳಿದು, ಐದು ಆರು ಏಳು ಮುಖದ ಕಂಬಗಳಾಗಿ ನಿಂತಿವೆ. ಬಿಸಿಗೆ ಹಿಗ್ಗಿ ತಂಪಿಗೆ ಕುಗ್ಗುವ ಅದೇ ಎಳೆದಾಟ ತಾರಸಿಯಲ್ಲೂ ನಡೆಯುತ್ತದೆ. ಹತ್ತು ಮೀಟರ್ ಉದ್ದದ ಸ್ಲ್ಯಾಬ್ 30 ಡಿಗ್ರಿ ಹೆಚ್ಚು ಬಿಸಿಯಾದರೆ ಸುಮಾರು 3 ಮಿಲಿಮೀಟರ್ ಬೆಳೆಯುತ್ತದೆ. ಪ್ಯಾರಾಪೆಟ್ ಗೋಡೆ ಸ್ಲ್ಯಾಬಿಗೆ ಕೂಡುವ ಮೂಲೆಯಲ್ಲಿ ಪ್ರತಿ ವರ್ಷ ಬಿರುಕು ಬಿಟ್ಟು ಜೂನ್‌ನಲ್ಲಿ ಸೋರುವುದು ಅಲ್ಲಿಂದ. ಅಲ್ಲಿಗೆ ಬರೇ ಸಿಮೆಂಟ್ ಮೆತ್ತಿದರೆ ಮುಂದಿನ ಬೇಸಗೆಗೆ ಮತ್ತೆ ಬಾಯಿ ಬಿಡುತ್ತದೆ. ಬಿರುಕನ್ನು ತುಸು ಅಗಲ ಮಾಡಿ, ದೂಳು ತೆಗೆದು, ರಬ್ಬರಿನಂತೆ ಎಳೆದರೆ ಬರುವ ಸೀಲೆಂಟ್ ತುಂಬಬೇಕು. ದ್ವೀಪ ನೋಡಿ ಬಂದ ಮೇಲೆ ಈ ಮಾತು ಯಾರಿಗೂ ಎರಡನೇ ಸಲ ಹೇಳಬೇಕಾಗಲಿಲ್ಲ.

ಈಗ ಸುಣ್ಣದ ಮಾತು. ಹೆಚ್ಚಿನ ತಾರಸಿಗಳಲ್ಲಿ ನಾವು ಮಾಡಿದ್ದು ಇದನ್ನೇ, ಅತಿ ಹೆಚ್ಚು ಬೆವರು ಸುರಿದದ್ದೂ ಇದಕ್ಕೇ. ನಮ್ಮ ಮಳೆಗೆ ತಾರಸಿ ಒಂದೇ ವರ್ಷದಲ್ಲಿ ಪಾಚಿ ಹಿಡಿದು ಕಪ್ಪಾಗುತ್ತದೆ. ಕಪ್ಪು ತಾರಸಿ ಏಪ್ರಿಲ್ ಮಧ್ಯಾಹ್ನ 60 ಡಿಗ್ರಿ ಸಮೀಪ ಕಾಯುತ್ತದೆ. ಬಿಳಿ ಸುಣ್ಣ ಚೆನ್ನಾಗಿ ಕೂತರೆ ಮೇಲ್ಮೈ 15ರಿಂದ 20 ಡಿಗ್ರಿ ಇಳಿಯುತ್ತದೆ, ಕೋಣೆಯೊಳಗೆ ಎರಡು ಮೂರು ಡಿಗ್ರಿ. ಅಷ್ಟೇನಾ ಎಂದು ಕೇಳುವವರು ರಾತ್ರಿ ಹತ್ತು ಗಂಟೆಗೆ ಸುಣ್ಣ ಹಚ್ಚದ ಮನೆಯ ಮಾಡಿನಡಿ ಒಮ್ಮೆ ಮಲಗಿ ನೋಡಬೇಕು.

ನೂರು ಚದರಡಿಗೆ ನಾವು ಹಿಡಿದ ಅಳತೆ: ಎರಡು ಕಿಲೋ ಸುಣ್ಣದ ಪುಡಿ, ಅರ್ಧ ಕಿಲೋ ಬಿಳಿ ಸಿಮೆಂಟ್, ಡಿಸ್ಟೆಂಪರಿಗೆ ಬೆರೆಸುವ ಅಂಟು 200 ಮಿಲಿ, ನೀರು ನಾಲ್ಕರಿಂದ ಐದು ಲೀಟರ್. ಇದು ಎರಡು ಕೈ ಹಚ್ಚಲು ಸಾಕು. ಮೊದಲು ವಾಯರ್ ಬ್ರಷ್ಷಿನಿಂದ ಪಾಚಿ ಕೆರೆದು, ಹಿಡಿಸೂಡಿಯಿಂದ ಗುಡಿಸಿ, ತೊಳೆದು ಒಣಗಿಸಬೇಕು. ಪಾಚಿಯ ಮೇಲೇ ಬಳಿದ ಸುಣ್ಣ ಪಾಚಿಯ ಜೊತೆಗೇ ಎದ್ದು ಬರುತ್ತದೆ. ಹಚ್ಚುವುದು ಸಂಜೆ ಐದರ ಮೇಲೆ, ಸ್ಲ್ಯಾಬಿಗೆ ನೀರು ಚಿಮುಕಿಸಿಕೊಂಡು. ಕಾದ ಸ್ಲ್ಯಾಬಿನ ಮೇಲೆ ಮಧ್ಯಾಹ್ನ ಹಚ್ಚಿದರೆ ನೀರು ಕೂಡಲೇ ಆರಿ, ಸುಣ್ಣ ಗಾಳಿಯ ಇಂಗಾಲದ ಡೈಆಕ್ಸೈಡ್ ಹೀರಿ ಗಟ್ಟಿಯಾಗಲು ಹೊತ್ತು ಸಿಗುವುದಿಲ್ಲ. ಮಾರನೆಯ ದಿನ ಕೈಗೆ ಬಿಳಿ ಪುಡಿ ಹತ್ತುತ್ತದೆ. ಎರಡನೇ ಕೈ ಒಂದು ದಿನ ಬಿಟ್ಟು, ಮೊದಲಿನದಕ್ಕೆ ಅಡ್ಡಲಾಗಿ ಎಳೆಯಬೇಕು. ಆಗ ಬ್ರಷ್ ಬಿಟ್ಟ ಸಂದಿ ಮುಚ್ಚುತ್ತದೆ.

ಮರುವಾಯಿ (ಕಪ್ಪೆಚಿಪ್ಪು) ಚಿಪ್ಪಿನ ಸುಣ್ಣ ಸುಟ್ಟು ಕೊಟ್ಟ ಹಿರಿಯ ದಂಪತಿಗೆ ವಿಶೇಷ ನಮನ. ಪುಡಿಯಾಗಿ ಬರುವ ಸುಣ್ಣಕ್ಕಿಂತ ಅದರ ಬಿಳುಪು, ಹಿಡಿತ ಎರಡೂ ನಮ್ಮ ಕಣ್ಣಿಗೆ ಮೇಲು. ಅದನ್ನು ಅರಳಿಸುವಾಗ ಎಚ್ಚರ ಬೇಕು: ಕಬ್ಬಿಣದ ಡ್ರಮ್ಮಿನಲ್ಲಿ ಮೊದಲು ನೀರು, ಆಮೇಲೆ ಸ್ವಲ್ಪ ಸ್ವಲ್ಪವೇ ಸುಣ್ಣ. ಸುಣ್ಣದ ಮೇಲೆ ನೀರು ಸುರಿದರೆ ಕುದಿದು ಮುಖಕ್ಕೆ ಹಾರುತ್ತದೆ. ಪ್ಲಾಸ್ಟಿಕ್ ಬಾಲ್ದಿ ಆ ಬಿಸಿಗೆ ಮೆತ್ತಗಾಗುತ್ತದೆ. ರಾತ್ರಿಯಿಡೀ ಬಿಟ್ಟು, ಹಳೇ ಪಂಚೆಯಲ್ಲಿ ಸೋಸಿಯೇ ಬಳಸಬೇಕು. ಕಣ್ಣಿಗೆ ಕನ್ನಡಕ, ಕೈಗೆ ಗ್ಲೌಸ್ ತಪ್ಪದು. ಕಣ್ಣಿಗೆ ಹಾರಿದರೆ ಹದಿನೈದಿಪ್ಪತ್ತು ನಿಮಿಷ ಶುದ್ಧ ನೀರು ಬಿಡುತ್ತಲೇ ಇದ್ದು ನೇರ ಆಸ್ಪತ್ರೆಗೆ ಹೋಗಬೇಕು.

ತಾರಸಿಯ ಬಿಸಿ ಅಳೆಯಲು ಇನ್‌ಫ್ರಾರೆಡ್ ಗನ್ ಕೊಟ್ಟ ಎಲೆಕ್ಟ್ರಿಷಿಯನ್‌ಗೆ ಧನ್ಯವಾದ. ಅದರಲ್ಲೊಂದು ಮೋಸವಿದೆ: ಹೊಳೆಯುವ ಅಲ್ಯುಮಿನಿಯಂ ಶೀಟಿಗೆ ಹಿಡಿದರೆ ನಿಜಕ್ಕಿಂತ ತುಂಬ ಕಡಿಮೆ ತೋರಿಸುತ್ತದೆ. ಶೀಟಿನ ಮೇಲೆ ಒಂದು ತುಂಡು ಕಪ್ಪು ಇನ್ಸುಲೇಶನ್ ಟೇಪ್ ಅಂಟಿಸಿ, ಅದಕ್ಕೆ ಗುರಿಯಿಟ್ಟು ಅಳೆಯಬೇಕು.

ಕೋಲ, ನೇಮದ ಚಪ್ಪರ ಕಟ್ಟುವ ಹುಡುಗರು ಬಿಡುವಿನ ದಿನಗಳಲ್ಲಿ ಬಂದು ಸುಣ್ಣ ನಿಲ್ಲದ ತಾರಸಿಗಳಿಗೆ ಮಡಲಿನ (ತೆಂಗಿನ ಗರಿಯ) ಚಪ್ಪರ ಹಾಕಿಕೊಟ್ಟರು. ಮಡಲು ಸ್ಲ್ಯಾಬಿಗೆ ತಾಗದೆ ಎರಡು ಮೂರು ಅಡಿ ಮೇಲಿರಬೇಕು, ನಡುವೆ ಗಾಳಿ ಆಡಬೇಕು. ಕೆಳಗೆ ಹಾಸಿಬಿಟ್ಟರೆ ಇರುವೆ, ಚೇಳು ಸೇರುತ್ತವೆ. ಒಣಗಿದ ಮಡಲಿಗೆ ಒಂದು ಕಿಡಿ ಸಾಕಾದ್ದರಿಂದ ವಿದ್ಯುತ್ ತಂತಿ, ಇನ್ವರ್ಟರ್, ಅಡುಗೆಮನೆಯ ಹೊಗೆಗೂಡು ಹತ್ತಿರವಿರುವ ಕಡೆ ಆ ಹುಡುಗರು ಖಡಾಖಂಡಿತವಾಗಿ ಒಲ್ಲೆ ಎಂದರು. ಮನೆಯವರು ಒತ್ತಾಯಿಸಿದರೂ ಬಗ್ಗಲಿಲ್ಲ. ಹಾಗೆ ಇಲ್ಲವೆಂದದ್ದಕ್ಕೂ ಧನ್ಯವಾದ.

ಹಂಚಿನ ಮನೆಗಳ ದಾರಿಯೇ ಬೇರೆ. 1860ರ ದಶಕದಲ್ಲಿ ಬಾಸೆಲ್ ಮಿಷನ್ ಮಂಗಳೂರಿನಲ್ಲಿ ಶುರು ಮಾಡಿದ ಹಂಚು ಬೇಗ ಕಾಯುತ್ತದೆ, ಬೇಗ ಆರುತ್ತದೆ. ಸಂದಿಗಳಿಂದ ಬಿಸಿಗಾಳಿ ಹೊರಗೆ ಹೋಗುತ್ತದೆ. ಆ ಸಂದಿಗೆ ಸಿಮೆಂಟ್ ಬಳಿಯುವುದು, ಪಕ್ಕಾಸಿನಡಿ ಪ್ಲಾಸ್ಟಿಕ್ ಸೀಲಿಂಗ್ ಹೊಡೆದು ಗಾಳಿಕಿಂಡಿ ಮುಚ್ಚುವುದು ದೊಡ್ಡ ತಪ್ಪು. ರೀಪು, ಹಂಚು ಬದಲಿಸುವ ಕೆಲಸದವರು ಮನೆ ಮನೆಯಲ್ಲಿ ಇದನ್ನು ತಿಳಿಹೇಳಿ ಎಷ್ಟೋ ಮಾಡುಗಳನ್ನು ಉಳಿಸಿದರು.

ಕಿಟಕಿಯ ಹೊತ್ತುಗೊತ್ತು ಪಾಲಿಸಿದ ಮನೆಯ ಹೆಂಗಸರಿಗೆ ನಮ್ಮ ಗೌರವ. ಬೆಳಗಿನ ಜಾವ ಎಲ್ಲ ತೆರೆದು, ಬಿಸಿಲೇರುವಾಗ ಪೂರ್ವದ್ದು ಮುಚ್ಚಿ, ಕಡಲಗಾಳಿ ಎದ್ದಾಗ ಪಡುವಣದ್ದು ತೆರೆದು, ಅದಕ್ಕೆ ಹೊರಗಿನಿಂದ ತಟ್ಟಿ ಇಳಿಬಿಡಬೇಕು. ಪರದೆ ಒಳಗಿದ್ದರೆ ಗಾಜು ದಾಟಿದ ಬಿಸಿ ಕೋಣೆಯಲ್ಲೇ ಉಳಿಯುತ್ತದೆ. ಸೊಳ್ಳೆ ಜಾಲರಿಯನ್ನು ತಿಂಗಳಿಗೊಮ್ಮೆ ತೊಳೆಯಬೇಕು, ದೂಳು ಕಟ್ಟಿದರೆ ಗಾಳಿ ನುಗ್ಗದು. ಸಂಜೆ ಸ್ಟ್ಯಾಂಡ್ ಫ್ಯಾನನ್ನು ಕಿಟಕಿಗೆ ಮುಖ ಮಾಡಿ ಒಂದು ಗಂಟೆ ಒಳಗಿನ ಬಿಸಿಗಾಳಿಯನ್ನು ಹೊರಗೆ ತಳ್ಳಿ, ಆಮೇಲೆ ಮಂಚದ ಕಡೆ ತಿರುಗಿಸಬೇಕು.

ಮನೆ ಮನೆಗೆ ಬಂದ ಆಶಾ ಕಾರ್ಯಕರ್ತೆಯರನ್ನು ನೆನೆಯದೆ ಇದನ್ನು ಮುಗಿಸಲಾರೆವು. ನೀರುಮಜ್ಜಿಗೆ, ಪುನರ್ಪುಳಿ ಶರಬತ್ತು, ಕುಚ್ಚಲಕ್ಕಿ ಗಂಜಿತಿಳಿ ಎಲ್ಲ ಒಳ್ಳೆಯದೇ. ಭೇದಿ, ವಾಂತಿಯಾದರೆ ಒಂದು ಲೀಟರ್ ಶುದ್ಧ ನೀರಿಗೆ ಮಟ್ಟಸ ಆರು ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು ಎಂದು ಚಮಚ ಹಿಡಿದೇ ತೋರಿಸಿದರು. ಉಪ್ಪು ಹೆಚ್ಚಾದರೆ ಮಗುವಿಗೆ ಅಪಾಯ. ಮೈ ಕೆಂಡವಾಗಿ, ಮಾತು ತೊದಲಿ, ಎಲ್ಲಿದ್ದೇನೆಂಬ ಅರಿವು ತಪ್ಪಿದರೆ ಅದು ಬರೀ ಸುಸ್ತಲ್ಲ: 108ಕ್ಕೆ ಕರೆ ಮಾಡಿ, ನೆರಳಿಗೆ ತಂದು, ಮೈಗೆ ನೀರು ಸುರಿದು ಗಾಳಿ ಹಾಕುತ್ತಿರಬೇಕು. ಪ್ರಜ್ಞೆ ಇಲ್ಲದವರ ಬಾಯಿಗೆ ಏನನ್ನೂ ಹಾಕಬಾರದು. ಬಾವಿ ಬತ್ತಿದ ನೆರೆಮನೆಗೆ ಪೈಪ್ ಎಳೆದುಕೊಟ್ಟವರಿಗೂ ಇದೇ ಸಾಲಿನಲ್ಲಿ ನಮಸ್ಕಾರ.

ಸುಣ್ಣ ಹಚ್ಚಿಸಿಕೊಂಡವರಲ್ಲಿ ಈಗ ಒಂದೇ ಕೋರಿಕೆ. ಮೊದಲ ಮಳೆಗೆ ಮುಂಚೆ ತಾರಸಿಯ ನೀರಿನ ಕೊಳವೆಗಳಲ್ಲಿ ಎಲೆ, ಸುಣ್ಣದ ಹೆಪ್ಪು ಇದ್ದರೆ ತೆಗೆಯಿರಿ. ಮಳೆನೀರು ಬಾವಿಗೆ ಬಿಡುವವರು ಮೊದಲ ನಾಲ್ಕೈದು ಮಳೆಯ ನೀರನ್ನು ಹೊರಗೆ ತಿರುಗಿಸಿ. ಮಲ್ಲಿಗೆ ಗಿಡದ ಬುಡಕ್ಕೂ ಅದು ಬೇಡ. ಮಡಲಿನ ಚಪ್ಪರ ಗಾಳಿಮಳೆಗೆ ಹಾರುವ ಮೊದಲೇ ಬಿಚ್ಚಿ. ಉಳಿದ ಸುಣ್ಣವನ್ನು ತೇವ ತಾಗದಂತೆ ಡ್ರಮ್ಮಿನಲ್ಲಿ ಕಟ್ಟಿಟ್ಟಿದ್ದೇವೆ. ಏಣಿ, ಬ್ರಷ್ಷುಗಳೂ ಅದರ ಜೊತೆಗೇ ಇವೆ. ಬರುವ ಫೆಬ್ರವರಿಗೆ ಯಾರ ತಾರಸಿಯಿಂದ ಶುರು ಮಾಡಬೇಕೆಂದು ದೀಪಾವಳಿ ಕಳೆದ ಮೇಲೆ ಕೂತು ಮಾತಾಡೋಣ.