ಪಳಗಿದ ಹೋರಿಯ ಕರು ಪಳಗಿಯೇ ಹುಟ್ಟುವುದಿಲ್ಲ

ಮಾನ್ಯರೆ,

ದೀಪಾವಳಿ ಕಳೆದು ಹಾವೇರಿ ಸೀಮೆಯಲ್ಲಿ ಹೋರಿಯನ್ನು ಜನರ ನಡುವೆ ಓಡಿಸುವ 'ಹೋರಿ ಬೆದರಿಸುವ' ಸ್ಪರ್ಧೆ ಶುರುವಾದರೆ, ಹೆಸರು ಮಾಡಿದ ಹೋರಿಯ ಕರುಗಳಿಗೂ ಬೆಲೆ ಬರುತ್ತದೆ. ಒಳ್ಳೆಯ ತಳಿಗೆ ನಾಲ್ಕು ದುಡ್ಡು ಹೆಚ್ಚು ಕೊಡುವುದು ತಪ್ಪಲ್ಲ. ಆದರೆ 'ಅಪ್ಪ ಅಖಾಡದಾಗ ಪಳಗ್ಯಾನ, ಮಗನಿಗೆ ಕಲಸೂದ ಬ್ಯಾಡ' ಎಂಬ ಮಾತಿಗೆ ದುಡ್ಡು ಕೊಡಬಾರದು.

ಹೋರಿಯಿಂದ ಕರುವಿಗೆ ಬರುವುದು 30 ವರ್ಣತಂತು (ಹುಟ್ಟುಗುಣ ಹೊತ್ತು ತರುವ ಎಳೆಗಳು), ಆಕಳಿನಿಂದ ಇನ್ನು 30. ಎಲುಬಿನ ಅಳತೆ, ಕಾಲಿನ ಉದ್ದ, ಕೊಂಬಿನ ರೀತಿ, ಒಂದಿಷ್ಟು ಬೆದರುವ ಸ್ವಭಾವ ಇವುಗಳ ಜೊತೆ ಬರುತ್ತವೆ. ಓಡಿಸಿ ಓಡಿಸಿ ಗಟ್ಟಿಯಾದ ತೊಡೆ, ಜನರ ನಡುವೆ ಸಂದಿ ನೋಡಿ ನುಗ್ಗುವ ಜಾಣತನ ಬರುವುದಿಲ್ಲ. ಅವು ಆ ಹೋರಿಯ ಸ್ನಾಯು, ಮಿದುಳಿನಲ್ಲೇ ಉಳಿಯುತ್ತವೆ. ಹೀಗೆ ಬಾಳಿನಲ್ಲಿ ಗಳಿಸಿದ್ದೂ ಮರಿಗಳಿಗೆ ಬರುತ್ತದೆ ಎಂದು 1809ರಲ್ಲಿ ಫ್ರಾನ್ಸಿನ ಜೀವವಿಜ್ಞಾನಿ ಲಾಮಾರ್ಕ್ ಬರೆದಿದ್ದರು. 1880ರ ದಶಕದಲ್ಲಿ ಜರ್ಮನಿಯ ಜೀವವಿಜ್ಞಾನಿ ವೈಸ್‌ಮನ್ 5 ತಲೆಮಾರು ಇಲಿಗಳ ಬಾಲ ಕತ್ತರಿಸಿ ನೋಡಿದರು. ಹುಟ್ಟಿದ 901 ಮರಿಗಳಲ್ಲಿ ಬಾಲವಿಲ್ಲದ್ದು ಒಂದೂ ಇರಲಿಲ್ಲ. ನಮ್ಮ ದನದ ಮನೆಗಳಲ್ಲಿ ಈ ಪ್ರಯೋಗ ಅದಕ್ಕೂ ಹಳೆಯದು: ಎಷ್ಟು ತಲೆಮಾರು ಮೂಗುದಾರ ಹಾಕಿದರೂ ಮೂಗಿಗೆ ತೂತು ಬಿದ್ದೇ ಹುಟ್ಟಿದ ಕರು ಇಲ್ಲ.

ತೂತು ಗಾಯ, ಕಲಿಕೆಯಲ್ಲ ಎನ್ನಬಹುದು. ಹಾಗಾದರೆ ಗಳೇವಿನ (ಉಳುಮೆಯ) ಎತ್ತು ನೋಡಿ. ನೊಗಕ್ಕೆ ಪಳಗಿದ ಎತ್ತು ಬೀಜ ಒಡೆಸಿಕೊಂಡದ್ದು, ಅದಕ್ಕೆ ಸಂತತಿಯೇ ಇಲ್ಲ. ಊರಿಗೆ ಬಿಟ್ಟ ಬಿತ್ತನೆ ಹೋರಿಯೋ ನೊಗ ಹೊತ್ತದ್ದೇ ಅಲ್ಲ. ಆದರೂ ಅದಕ್ಕೆ ಹುಟ್ಟಿದ ಹೋರಿಗರುಗಳು ಗಳೇವು ಕಲಿಯುತ್ತಲೇ ಬಂದಿವೆ, ಪ್ರತಿ ಸಲವೂ ಮೊದಲಿನಿಂದ.

ಕಣ್ಣಿಗೆ ಮೋಸವಾಗುವುದು ಇಲ್ಲಿ: ಗೆದ್ದ ಹೋರಿಯ ಕರು ಬೆಳೆಯುವುದು ಅದೇ ಮನೆಯಲ್ಲಿ, ಅದೇ ಮೇವಿನಲ್ಲಿ, ಪಳಗಿಸುವ ಕೈಯೂ ಅದೇ. ರಕ್ತದ ಗುಣವೋ ಕೈಗುಣವೋ ಬೇರೆ ಮಾಡಲಾಗದು. ಕೊಳ್ಳುವವರು ಅದೇ ಹೋರಿಗೆ ಹುಟ್ಟಿ ಬೇರೆ ಮನೆಗಳಲ್ಲಿ ಬೆಳೆದ ನಾಲ್ಕೈದು ಕರುಗಳನ್ನು ನೋಡಿ ಬರಲಿ. ಆಕಳನ್ನೂ ನೋಡಲಿ, ಅರ್ಧ ಪಾಲು ಅದರದ್ದು, ಅದನ್ನು ಕೇಳುವವರೇ ಕಡಿಮೆ.

ಗಬ್ಬದ ಕೊನೆಯ 3 ತಿಂಗಳು ಆಕಳು ಹಸಿದಿದ್ದರೆ ಕರು ಸಣಕಲಾಗಿ ಹುಟ್ಟುತ್ತದೆ. ಅದು ಗರ್ಭದಲ್ಲಿ ಸಿಕ್ಕ ಪೋಷಣೆಯ ಮಾತು, ಅಪ್ಪನ ಓಟಕ್ಕೂ ಅದಕ್ಕೂ ಸಂಬಂಧವಿಲ್ಲ. ಹುಟ್ಟಿದ 2 ತಾಸಿನೊಳಗೆ ಗಿಣ್ಣದ ಹಾಲು ಕುಡಿಯಿತೇ ಎಂದೂ ಕೇಳಿ. 25 ಕಿಲೋ ಕರುವಿಗೆ ಮೊದಲ ದಿನ ಎರಡೂವರೆ ಲೀಟರ್ ಬೇಕು. ಅದು ತಪ್ಪಿದ ಕರು ಭೇದಿ, ಕೆಮ್ಮು ಎಂದು ಮೊದಲ ತಿಂಗಳಲ್ಲೇ ಸೊರಗುತ್ತದೆ, ಅಪ್ಪ ಎಷ್ಟು ಪದಕ ಗೆದ್ದಿದ್ದರೂ.

– ಓದುಗರು, ಹಾವೇರಿ