ಚೈನ್ ಮೊಂಡಾದರೆ ಕೆಲಸ ನಿಲ್ಲಿಸು

ಪ್ರೀತಿಯ ಪುಟ್ಟನಿಗೆ,

ದೊಡ್ಡಪ್ಪನ ಆಶೀರ್ವಾದಗಳು. ನೀನು ಮರ ಕೊಯ್ಯುವ ಚೈನ್ ಸಾ ಮೆಷಿನ್ ತಗೊಂಡ ವಿಷಯ ನಿಮ್ಮಪ್ಪ ಹೇಳಿದ. ಖುಷಿಯಾಯಿತು, ಜೊತೆಗೆ ಎದೆಯೂ ಢವಢವ ಅಂದಿತು. ಫೋನಿನಲ್ಲಿ ಹೇಳಿದರೆ ‘ಹೂಂ ದೊಡ್ಡಪ್ಪ’ ಅಂದು ಮರೆತುಬಿಡುತ್ತೀಯ. ಅದಕ್ಕೇ ಬರೆಯುತ್ತಿದ್ದೇನೆ.

ನನ್ನ ಎಡಭುಜದ ಗಾಯದ ಗುರುತು ನೆನಪಿದೆ ಅಲ್ವಾ? ಮರದಿಂದ ಬಿದ್ದೆ ಅಂತ ನಿನಗೆ ಹೇಳಿದ್ದೆ. ಅದು ನಿಜವಲ್ಲ. ಉರುಳಿ ಬಿದ್ದಿದ್ದ ಮರದ ಕೊಂಬೆ ಕೊಯ್ಯುತ್ತಿದ್ದೆ. ಹಿಂದೆ ಇನ್ನೊಂದು ಕೊಂಬೆ ಇದ್ದದ್ದು ಕಾಣಲಿಲ್ಲ. ಬಾರ್‌ನ, ಅಂದರೆ ಚೈನ್ ಸುತ್ತ ಓಡುವ ಉದ್ದನೆಯ ಪಟ್ಟಿಯ, ತುದಿ ಅದಕ್ಕೆ ತಾಗಿತು. ಅಷ್ಟೇ, ಮೆಷಿನ್ ಮೇಲಕ್ಕೆ ಚಿಮ್ಮಿ ನನ್ನ ಕಡೆಗೇ ತಿರುಗಿತು. ಮುಂದಿನ ಹಿಡಿಯ ಎದುರಿಗಿರುವ ಗಾರ್ಡು ನನ್ನ ಕೈಗೆ ಬಡಿದು, ಚೈನ್ ನಿಲ್ಲಿಸುವ ಚೈನ್ ಬ್ರೇಕ್ ಬಿತ್ತು. ನಿಂತ ಚೈನ್ ಭುಜಕ್ಕೆ ಬಡಿದದ್ದಕ್ಕೆ ಹೊಲಿಗೆಯಲ್ಲೇ ಮುಗಿಯಿತು. ಪೂರ್ತಿ ರೇಸ್ ಮಾಡಿದಾಗ ಆ ಹಲ್ಲುಗಳು ಸೆಕೆಂಡಿಗೆ 20 ಮೀಟರ್‌ಗೂ ಜಾಸ್ತಿ ಓಡುತ್ತವೆ. ಉಳಿದದ್ದು ನೀನೇ ಯೋಚಿಸು.

ಇದಕ್ಕೆ ಕಿಕ್‌ಬ್ಯಾಕ್ ಅನ್ನುತ್ತಾರೆ. ಬಾರ್ ತುದಿಯ ಮೇಲ್ಭಾಗ ಯಾವುದಕ್ಕೂ ತಾಗಬಾರದು. ಎಡಗೈ ಹೆಬ್ಬೆರಳು ಮುಂದಿನ ಹಿಡಿಯನ್ನು ಪೂರ್ತಿ ಸುತ್ತಿರಲಿ. ಬೆರಳುಗಳ ಜೊತೆ ಮೇಲೆ ಇಟ್ಟರೆ ಚಿಮ್ಮಿದಾಗ ಹಿಡಿತ ಜಾರುತ್ತದೆ. ಬಾರ್‌ನ ನೇರಕ್ಕೆ ನಿಲ್ಲಬೇಡ, ಸ್ವಲ್ಪ ಎಡಕ್ಕೆ ಸರಿದು ನಿಲ್ಲು. ಭುಜಕ್ಕಿಂತ ಮೇಲೆ ಮೆಷಿನ್ ಎತ್ತಿ ಕೊಯ್ಯಲೇಬೇಡ. ಏಣಿ ಹತ್ತಿ ಕೊಯ್ಯುವ ಮಾತೇ ಬೇಡ.

ಆದರೆ ಆ ದಿನದ ನಿಜವಾದ ತಪ್ಪು ಬೇರೆ. ಚೈನ್ ಮೊಂಡಾಗಿತ್ತು. ಇದೊಂದು ಮುಗಿಸಿ ಅರ ಹಾಕೋಣ ಅಂತ ಒತ್ತಿ ಒತ್ತಿ ಕೊಯ್ಯುತ್ತಿದ್ದೆ. ಹರಿತವಾದ ಚೈನ್ ತಾನೇ ಮರದೊಳಗೆ ಇಳಿಯುತ್ತದೆ. ಮೊಂಡು ಚೈನಿಗೆ ನೀನು ಮೈಭಾರ ಹಾಕಬೇಕು. ತೋಳು ಸೋಲುತ್ತದೆ, ತುದಿ ಎಲ್ಲಿದೆ ಅನ್ನುವ ಗಮನವೂ ತಪ್ಪುತ್ತದೆ.

ಚೈನ್ ಮೊಂಡಾಗಿದೆಯಾ ಅಂತ ಕಂಡುಹಿಡಿಯುವುದು ಸುಲಭ. ಮೆಷಿನ್ ಆಫ್ ಮಾಡಿ ಕೆಳಗೆ ಬಿದ್ದದ್ದನ್ನು ಅಂಗೈಗೆ ತಗೋ. ಕೈಗೆ ಸಿಗುವಂಥ ಚಕ್ಕೆ ಇದ್ದರೆ ಚೈನ್ ಚೆನ್ನಾಗಿದೆ. ಹಿಟ್ಟಿನಂಥ ಪುಡಿ ಬಂದರೆ ಅಲ್ಲಿಗೇ ನಿಲ್ಲಿಸು. ಮಣ್ಣಿಗೆ ಒಮ್ಮೆ ತಾಗಿದರೂ ಸಾಕು, ಹಲ್ಲಿನ ಹರಿತ ಹೋಗುತ್ತದೆ.

ದುಂಡು ಅರ ನಿನ್ನ ಚೈನಿನ ಅಳತೆಯದ್ದೇ ಬೇಕು. 4, 4.8, 5.2 ಮಿಲಿಮೀಟರ್ ಹೀಗೆ ಬರುತ್ತವೆ, ನಿನ್ನದು ಯಾವುದು ಅಂತ ಮೆಷಿನ್ ಜೊತೆ ಬಂದ ಪುಸ್ತಕದಲ್ಲಿರುತ್ತದೆ. ಒಳಗಿನಿಂದ ಹೊರಕ್ಕೆ ತಳ್ಳು, ಹಿಂದಕ್ಕೆ ಎಳೆಯುವಾಗ ಅರವನ್ನು ಎತ್ತು. ಪ್ರತಿ ಹಲ್ಲಿಗೂ ಅಷ್ಟೇ ಸಲ, ಅದೇ ಓರೆ. ಒಂದು ಕಡೆಯ ಹಲ್ಲು ಗಿಡ್ಡವಾದರೆ ಮೆಷಿನ್ ಸೊಟ್ಟಗೆ ಕೊಯ್ಯುತ್ತದೆ. ಪ್ರತಿ ಹಲ್ಲಿನ ಮುಂದೆ ಒಂದು ಸಣ್ಣ ಗುಬುಟು ಇರುತ್ತದಲ್ಲ, ಹಲ್ಲು ಎಷ್ಟು ಆಳಕ್ಕೆ ಕಚ್ಚಬೇಕು ಅಂತ ಹೇಳುವುದು ಅದೇ. ಅದು ಹಲ್ಲಿಗಿಂತ ಸುಮಾರು 0.65 ಮಿಲಿಮೀಟರ್ ತಗ್ಗಿರಬೇಕು. ಬೇಗ ಕೊಯ್ಯಲಿ ಅಂತ ಅದನ್ನು ಜಾಸ್ತಿ ಉಜ್ಜುವವರಿದ್ದಾರೆ. ನೀನು ಹಾಗೆ ಮಾಡಬೇಡ, ಕಿಕ್‌ಬ್ಯಾಕ್ ಇನ್ನೂ ಜೋರಾಗುತ್ತದೆ. ಚೈನ್ ಮುಟ್ಟುವಾಗೆಲ್ಲ ಮೆಷಿನ್ ಆಫ್ ಇರಲಿ, ಕೈಗವಸು ಇರಲಿ.

ಚೈನ್ ಬಾರ್‌ನ ಕೆಳಗೆ ಜೋತಾಡಬಾರದು, ಆದರೆ ಕೈಯಲ್ಲಿ ಎಳೆದರೆ ಸಲೀಸಾಗಿ ಓಡಬೇಕು. ಬಿಸಿಯಾದಾಗ ಬಿಗಿ ಮಾಡಿದ್ದರೆ ಕೆಲಸ ಮುಗಿದ ಮೇಲೆ ಸಡಿಲಿಸು, ತಣ್ಣಗಾದಾಗ ಅದು ಕುಗ್ಗುತ್ತದೆ. ರೇಸ್ ಬಿಟ್ಟ ಮೇಲೂ ಚೈನ್ ತಿರುಗುತ್ತಿದ್ದರೆ ಸರಿ ಮಾಡಿಸದೆ ಬಳಸಬೇಡ. ಪೆಟ್ರೋಲಿಗೆ ಟೂ ಸ್ಟ್ರೋಕ್ ಆಯಿಲ್ ಬೆರೆಸಬೇಕು. ಪುಸ್ತಕದಲ್ಲಿ 50:1 ಅಂತಿದ್ದರೆ ಲೀಟರಿಗೆ 20 ಮಿಲಿಲೀಟರ್. ಚೈನ್ ಮತ್ತು ಬಾರ್‌ಗೆ ಜಾರಿಕೆ ಕೊಡುವ ಬಾರ್ ಆಯಿಲ್ ಬೇರೆ, ಅದರ ಟ್ಯಾಂಕೂ ಬೇರೆ. ಎಂಜಿನ್ ಆರಿದ ಮೇಲೆ ತುಂಬಿಸು, ಸ್ಟಾರ್ಟ್ ಮಾಡುವ ಮೊದಲು ಅಲ್ಲಿಂದ ಮೂರು ಮೀಟರ್ ಆಚೆ ಹೋಗು. ಏರ್ ಫಿಲ್ಟರ್ ದಿನಾ ನೋಡು.

ಸ್ಟಾರ್ಟ್ ಮಾಡುವುದು ನೆಲದ ಮೇಲೆ. ಚೈನ್ ಬ್ರೇಕ್ ಹಾಕಿ, ಹಿಂದಿನ ಹಿಡಿಯೊಳಗೆ ಬಲಗಾಲಿನ ಮುಂಭಾಗ ಇಟ್ಟು, ಎಡಗೈಯಿಂದ ಒತ್ತಿ ಹಿಡಿದು ಹಗ್ಗ ಎಳಿ. ಗಾಳಿಯಲ್ಲಿ ತೂಗಾಡಿಸಿ ಎಳೆಯುವವರನ್ನು ನೋಡಿ ಕಲಿಯಬೇಡ.

ಹೆಲ್ಮೆಟ್, ಕಣ್ಣಿಗೆ ಜಾಲರಿ, ಕಿವಿಗೆ ಮುಚ್ಚಳ, ಗಟ್ಟಿ ಬೂಟು ಬೇಕು. ಚೈನ್ ತಡೆಯುವ ಪ್ಯಾಂಟ್ ದುಬಾರಿ ಅನ್ನಿಸಬಹುದು, ಆದರೂ ತಗೋ. ಚೈನ್ ತಾಗಿದರೆ ಅದರೊಳಗಿನ ಎಳೆಗಳು ಹೊರಬಂದು ಸುತ್ತಿಕೊಂಡು ಚೈನನ್ನೇ ನಿಲ್ಲಿಸುತ್ತವೆ.

ನಿಂತ ಮರಕ್ಕೆ ಈಗಲೇ ಕೈ ಹಾಕಬೇಡ ಮಗಾ. ಅದನ್ನು ಪಳಗಿದವರ ಪಕ್ಕ ನಿಂತೇ ಕಲಿಯಬೇಕು. ಸದ್ಯ ನೆಲದಲ್ಲಿರುವ ದಿಮ್ಮಿ ಕೊಯ್ಯಿ. ಒಬ್ಬನೇ ಹೋಗಬೇಡ, ಕೂಗಿದರೆ ಕೇಳುವಷ್ಟು ಹತ್ತಿರ ಯಾರಾದರೂ ಇರಲಿ.

ಮೊದಲ ಸಲ ಅರ ಹಾಕಿ ಕೊಯ್ದ ಮೇಲೆ ಚಕ್ಕೆಯನ್ನು ಅಂಗೈಯಲ್ಲಿಟ್ಟು ಫೋಟೋ ಕಳಿಸು. ನಾನು ನೋಡಿ ಹೇಳುತ್ತೇನೆ.

ಇಂತಿ,
ನಿನ್ನ ದೊಡ್ಡಪ್ಪ